ಹುಲಿಗೆಮ್ಮ ಆಡದ ಮಾತು

—ಆ ಹಳ್ಳಿಯ ಹೋಟೆಲಿನ ಮುಂದೆ ಬೇವಿನ ಮರ ಇತ್ತೋ ಇಲ್ಲವೋ, ಈಗ ಹೇಳಲಾರೆ. ನೆನಪಿನಲ್ಲಿ ನೆರಳಿದೆ, ಆದರೆ ಆ ನೆರಳನ್ನು ಆಮೇಲೆ ನಾನೇ ತಂದು ಹಾಕಿರಬಹುದು. ಇಷ್ಟು ಮಾತ್ರ ಖಚಿತ: ಪತ್ರಿಕೆಯಲ್ಲಿ ನಾನು ಆ ಹೆಂಗಸಿನ ಬಾಯಿಂದ ಆಡಿಸಿದ ಮಾತನ್ನು ಅವಳು ಆಡಿರಲಿಲ್ಲ. ಅದು ನಾನು ಕಟ್ಟಿದ್ದು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ— ಅದನ್ನೂ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ರಾಯಚೂರಿನ ಒಂದು ಸಣ್ಣ ದಿನಪತ್ರಿಕೆಗೆ ಮಾನ್ವಿ, ದೇವದುರ್ಗದ ಕಡೆಯ ಸುದ್ದಿ ಬರೆಯುತ್ತಿದ್ದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಆಗಿನ್ನೂ ಹೊಸದು. ಯಾವುದೋ ಇಂಗ್ಲಿಷ್ ವಾರಪತ್ರಿಕೆಯಲ್ಲಿ, ಲೋಕದ ಹೊಗೆಯೆಲ್ಲ ಸೇರಿ ಭೂಮಿಯನ್ನು ನಿಧಾನಕ್ಕೆ ಕಾಯಿಸುತ್ತಿದೆ ಎಂಬ ಲೇಖನ ಓದಿದ್ದೆ. ಅರ್ಧ ಅರ್ಥವಾಗಿತ್ತು. ಉಳಿದರ್ಧವನ್ನು ನಾನೇ ತುಂಬಿದೆ— ಚಿಮಣಿಯ ಹೊಗೆ ಮೋಡಗಳನ್ನು ಸುಟ್ಟುಹಾಕುತ್ತದೆ, ಕೆಲವೇ ವರ್ಷಗಳಲ್ಲಿ ಈ ಸೀಮೆ ಮರಳುಗಾಡಾಗುತ್ತದೆ. ಆ ಲೇಖನದಲ್ಲಿ ಇದಾವುದೂ ಇರಲಿಲ್ಲ. ಬಿಸಿಲಿನ ಅಂಕಿಗಾಗಿ ಥರ್ಮಾಮೀಟರನ್ನು ಕಚೇರಿಯ ಮಾಳಿಗೆಯ ಸುಡುವ ಕಲ್ಲಿನ ಮೇಲಿಟ್ಟೆ. ನೆರಳಿನಲ್ಲಿ ಇಡಬೇಕೆಂದು ಗೊತ್ತಿತ್ತು. ನೆರಳಿನ ಅಂಕಿ ಸಣ್ಣದಿತ್ತು.

ಬರೆದದ್ದನ್ನು ನೋಡಿ ಸಂಪಾದಕರು ನಕ್ಕರು. “ಲೇ, ರಾಯಚೂರಾಗ ಬಿಸಿಲು ಸುದ್ದಿ ಏನ್ಲೇ? ಬಿಸಿಲಿಲ್ಲಂದ್ರ ಸುದ್ದಿ! ಹೊಗಿ ಅಂದಿ, ಮೋಡ ಅಂದಿ, ಹೇಳಿದ್ಯಾರು? ನೀನಾ? ನಿನ್ನ ಮಾತು ನಿಮ್ಮನ್ಯಾಗ ಕೇಳಂಗಿಲ್ಲ. ಹಳ್ಳ್ಯಾಗ ಯಾರರ ಹಿರೇರು ಅಂದಿರಬೇಕು, ಹೋಗು.”

ಹೋದೆ. ಗಬ್ಬೂರಿನಲ್ಲಿ ಬಸ್ಸಿಳಿದು ಆಚೆಯ ಒಂದು ಹಳ್ಳಿಗೆ ನಡೆದೆ. ಊರಿನ ಹೆಸರು ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕು. ಅವಳ ಹೆಸರನ್ನೂ ಬದಲಿಸಿ ಹುಲಿಗೆಮ್ಮ ಎನ್ನುತ್ತೇನೆ. ಗಂಡ ಕುರಿ ಹಿಂದೆ ಊರೂರು ತಿರುಗುತ್ತಿದ್ದ. ಅವಳ ಕೈಗುಣದ ಮೇಲೆ ಊರಿಗೆಲ್ಲ ನಂಬಿಕೆ. ಬಿತ್ತನೆಯ ಮೊದಲ ದಿನ ಕೂರಿಗೆಯ ಹಿಂದೆ ನಡೆದು ಅದರ ಬಟ್ಟಲಿಗೆ ಮೊದಲ ಹಿಡಿ ಕಾಳು ಬಿಡಲು ಅವಳೇ ಬೇಕು. ಗೌಡರ ಹೊಲಕ್ಕೂ ಅವಳೇ, ಎರವಲು ಎತ್ತು ತಂದವನ ಹೊಲಕ್ಕೂ ಅವಳೇ. ಹೋಟೆಲಿನವನು ಇದನ್ನು ಹೇಳಿದ್ದರಿಂದಲೇ ಅವಳನ್ನು ಆರಿಸಿಕೊಂಡೆ— ಅವಳು ಹೇಳಿದಳೆಂದರೆ ಮಾತಿಗೆ ತೂಕ ಬರುತ್ತದೆಂದು.

“ಬಿಸಿಲೇನು ಕೇಳ್ತಿಯಪಾ,” ಎಂದು ನಕ್ಕಳು. “ಬಿಸಿಲಂದ್ರ ನಮ್ಮೂರಿಗೆ ಮನಿ ಅಳಿಯ ಇದ್ದಂಗ. ಬಂದ ಅಂದ್ರ ಹೋಗೂ ಮಾತಿಲ್ಲ.”

“ಮತ್ತ ಮಳಿ, ಯವ್ವಾ?”

“ದಾರ್ಯಾಗ ಅದ.”

ಅಷ್ಟೇ. ಅವರಲ್ಲಿ ಮಳೆ ಬರುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ಎಷ್ಟು ತಡವಾದರೂ ದಾರಿಯಲ್ಲಿದೆ ಎನ್ನುತ್ತಾರೆ. ಇಲ್ಲವೆಂದರೆ ಮಳೆ ಅದನ್ನು ಕೇಳಿಸಿಕೊಂಡು ತಿರುಗಿಹೋಗುತ್ತದೆ ಎಂಬ ಭಯ. ನಾನೂ ಅದೇ ಸೀಮೆಯವನು, ನೀರಮಾನ್ವಿ ಯಲ್ಲಮ್ಮನಿಗೆ ನಡೆದುಕೊಳ್ಳುವ ಮನೆಯವನು. ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಪತ್ರಿಕೆಯಲ್ಲಿ ಬಂದದ್ದು ಹೀಗೆ: “ಹೊಗಿ ಮೋಡ ಸುಟ್ಟದ, ಇನ್ನ ಈ ಸೀಮಿಗೆ ಮಳಿ ಇಲ್ಲ” ಎಂದು ಹುಲಿಗೆಮ್ಮ ಕಣ್ಣೀರಿಟ್ಟಳು. ಕಣ್ಣೀರೂ ನಾನು ಸೇರಿಸಿದ್ದೇ. ಆ ಚಿಮಣಿ ಅವಳ ಊರಿನಿಂದ ಕಾಣುವುದೂ ಇಲ್ಲ.

ಆ ವರ್ಷ ಮುಂಗಾರು ತಡವಾಯಿತು. ಈ ಕಡೆ ಅದು ಹಿಂದೆಯೂ ಎಷ್ಟೋ ಸಲ ತಡವಾಗಿದೆ. ನಾನು ಮಾತ್ರ ಇನ್ನೊಂದು ಸುದ್ದಿಯ ಆಸೆಗೆ ಮತ್ತೆ ಆ ಊರಿಗೆ ಹೋದೆ. ಹೋಟೆಲಿನ ಗೋಡೆಗೆ ನನ್ನ ಬರಹವನ್ನು ಗಂಜಿ ಹಚ್ಚಿ ಅಂಟಿಸಿದ್ದರು— ಇಲ್ಲ, ಗಂಜಿ ಈಗ ಸೇರಿಕೊಂಡದ್ದು. ಅಂಟಿಸಿದ್ದರು, ಅಷ್ಟು ನಿಜ. ಬಹಳ ಜನ ಕೂತಿದ್ದರು. ಹುಲಿಗೆಮ್ಮ ತಾನೇ ಬಂದಳೋ, ಅವರು ಕರೆಸಿದರೋ.

“ಬಾ ಬೇ, ಮಳಿ ಓಡಿಸಿದಾಕಿ!” ಎಂದು ಒಬ್ಬ ಕುಟುಕಿದ. “ಪೇಪರಿನವ್ರು ಇಲ್ಲೇ ಅದಾರ. ಅಂದಿಲ್ಲ ಅಂದಿಲ್ಲ ಅಂತಿದ್ದೆಲ್ಲ, ಕೇಳು ಈಗ.”

ಅವಳು ಜಗಳಕ್ಕೆ ಬಂದಿರಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ… ಮೆಲ್ಲಗೆ ಕೇಳಿದಳು: “ಯಪ್ಪಾ, ನಾ ಹಂಗ ಅಂದಿದ್ನೇನು? ನನಗರ ನೆಪ್ಪಿಲ್ಲ. ನೀ ಬರಕೊಂಡಿದ್ದಿ, ನಿನಗ ಗೊತ್ತಿರತದ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದಿದ್ದರೆ ಆಗುತ್ತಿದ್ದುದು ಏನು? ನಾಲ್ಕು ಜನ ನಗುತ್ತಿದ್ದರು. ರಾಯಚೂರಿಗೆ ಸುದ್ದಿ ಮುಟ್ಟುತ್ತಿತ್ತು. ಅಷ್ಟೇ—

“ಅಂದಿದ್ದಿ ಯವ್ವಾ,” ಎಂದೆ. “ಮರ್ತಿರಬೇಕು.”

ಅವಳು ನನ್ನ ಮುಖ ನೋಡಿದಳು. “ಹಂಗಾದ್ರ ಅಂದಿರಬೇಕು ಬಿಡು,” ಎಂದಳು. ಬಿಸಿಲಿಗೆ ಇಳಿದು, ಆಕಾಶಕ್ಕೆ ಮುಖ ಮಾಡಿ, ದೇವರ ಮುಂದೆ ತಪ್ಪು ಒಪ್ಪುವವರ ಹಾಗೆ ಎರಡೂ ಗಲ್ಲ ಬಡಿದುಕೊಂಡಳು. “ಬಾಯಿ ತಪ್ಪಿ ಅಂದೀನಿ, ಹೊಟ್ಯಾಗ ಹಾಕ್ಕೊ ತಾಯಿ.” ಒಳಗಿದ್ದವರು ಯಾರೂ ನಗಲಿಲ್ಲ.

ಬರೆದದ್ದನ್ನು ಆತುರ ಎನ್ನಬಹುದೇನೋ. ಇದನ್ನು ಹಾಗೆನ್ನಲಾರೆ. ತನ್ನ ಬಾಯಿಂದ ಬಂದದ್ದೇನೆಂದು ಒಬ್ಬ ಹೆಂಗಸು ನನ್ನನ್ನು ನಂಬಿ ಕೇಳಿದಳು. ನಾನು ಸುಳ್ಳು ಹೇಳಿದೆ.

ಆಮೇಲೆ ಮಳೆ ಬಂತು. ಹುಲಿಗೆಮ್ಮನನ್ನು ಕಳೆ ತೆಗೆಯಲು ಕರೆದರು, ಬೀಜ ಮುಟ್ಟಲು ಬಿಡಲಿಲ್ಲ. ಮುಂದೊಂದು ವರ್ಷ ಹೋಟೆಲಿನವನು ಬಸ್ಸಿನಲ್ಲಿ ಸಿಕ್ಕು ಹೇಳಿದ: “ಈಗ ಮಂದಿ ಹೋಗಿ ಕರದ್ರೂ ಆಕಿನ ಬರವಲ್ಲಳ್ರೀ. ಯಾಕಂದ್ರ ಹೇಳವಲ್ಲಳು.” ನಾನು ಕಿಟಕಿಯ ಹೊರಗೆ ನೋಡುತ್ತ ಹ್ಞೂಂ ಎಂದೆ. ತಿದ್ದುಪಡಿ ಹಾಕಿಸಬಹುದಿತ್ತು. ಸಂಪಾದಕರನ್ನು ಕೇಳಲೂ ಇಲ್ಲ. ಆ ಬರಹ ನನಗೆ ಹೆಸರು ತಂದಿತ್ತು.

ಭೂಮಿ ಕಾಯುತ್ತಿರುವುದು ಸುಳ್ಳಲ್ಲ. ಈಗ ಅದು ದಿನಾ ಪತ್ರಿಕೆಗಳಲ್ಲಿ ಬರುತ್ತದೆ. ಆ ಊರಿಗೆ ಅದನ್ನು ಮೊದಲು ಹೇಳಿದವನು ನಾನೇ ಇರಬೇಕು. ಗೊತ್ತಿದ್ದಷ್ಟನ್ನೇ ಹೇಳಿದ್ದರೆ ಜನ ಕೇಳುತ್ತಿದ್ದರೋ ಏನೋ. ನಾನು ಹೇಳಿದ ರೀತಿಗೆ ಅದು ಹೊಗೆಯ ವಿಷಯವಾಗಿ ಉಳಿಯಲೇ ಇಲ್ಲ, ಒಬ್ಬ ಹೆಂಗಸಿನ ನಾಲಿಗೆಯ ದೋಷವಾಯಿತು.

ದೇವದುರ್ಗದ ಬಸ್ಸಿನಲ್ಲಿ ಆ ಊರಿಗೆ ತಿರುಗುವ ರಸ್ತೆಯನ್ನು ಎಷ್ಟೋ ಸಲ ದಾಟಿದ್ದೇನೆ. ಇಳಿದಿಲ್ಲ. ಹುಲಿಗೆಮ್ಮ ತೀರಿಕೊಂಡಳೆಂದು ಮಾನ್ವಿಯಲ್ಲಿ ಯಾರೋ ಹೇಳಿದರು. ಅವಳೇ ಹೌದೋ, ಬೇರೆಯವಳೋ, ವಿಚಾರಿಸುವ ಧೈರ್ಯ ಬರಲಿಲ್ಲ. ಆ ದಿನ ಅವಳು ನನ್ನ ಮಾತನ್ನು ನಿಜಕ್ಕೂ ನಂಬಿದಳೋ, ಅಥವಾ ಅಷ್ಟು ಜನರ ಮುಂದೆ ನಾನು ಸುಳ್ಳನಾಗದಿರಲೆಂದು ತಪ್ಪನ್ನು ತಾನೇ ಹೊತ್ತುಕೊಂಡಳೋ— ನನಗೆ ಗೊತ್ತಿಲ್ಲ.