ನೀರು ಹಾಕದಿರುವ ಕೆಲಸ

ಬೆಳಗಿನ ಐದೂವರೆ. ಬೆಳೆ ಸಂಶೋಧನಾ ಕೇಂದ್ರದ ಗಾಜಿನ ಮನೆಯಲ್ಲಿ, ಎಲ್ಲರೂ ತೂಕದಮ್ಮ ಎಂದೇ ಕರೆಯುವ ಸಹಾಯಕಿ ಒಂದೊಂದೇ ಕುಂಡವನ್ನು ಎತ್ತಿ ತಕ್ಕಡಿಯ ಮೇಲಿಡುತ್ತಾರೆ. ಭತ್ತದ ಮುನ್ನೂರ ಹನ್ನೆರಡು ಕುಂಡಗಳು. ನಿನ್ನೆಯಿಂದ ಎಷ್ಟು ನೀರು ಆರಿದೆ ಎಂದು ಬರೆದು, ಅಷ್ಟನ್ನೇ ಅಳೆದು ಹಾಕಬೇಕು. ಕೆಂಪು ಚೀಟಿ ಇರುವ ಕುಂಡಗಳಿಗೆ ಮಾತ್ರ ಹದಿನೆಂಟು ದಿನ ಒಂದು ಹನಿಯೂ ಇಲ್ಲ. "ಮಾಲಿಗಳಿಗೆ ನೀರು ಹಾಕಿದ್ದಕ್ಕೆ ಸಂಬಳ, ನನಗೆ ಹಾಕದೇ ಇರೋದಕ್ಕೆ," ಎಂದು ನಗುತ್ತಾರೆ.

ನೀರಿಲ್ಲದಾಗ ಕೆಲವು ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ಜೀವ ಹಿಡಿದಿರುತ್ತವೆ. ಆ ಬುದ್ಧಿ ಕೊಡುವ ವಂಶವಾಹಿ ಯಾವುದೆಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅವರ ಪ್ರಬಂಧಗಳ ತಲೆಯಲ್ಲಿ ಹೆಸರುಗಳ ಸಾಲೇ ಇರುತ್ತದೆ. ಹತ್ತೊಂಬತ್ತು ವರ್ಷ ಕುಂಡ ಎತ್ತಿ ಸೊಂಟ ಹಾಳುಮಾಡಿಕೊಂಡ ಈಕೆಯ ಹೆಸರು ಯಾವುದರಲ್ಲೂ ಇಲ್ಲ.

ಮೂರು ವರ್ಷದ ಹಿಂದೆ ತೂಕದಮ್ಮನ ಹದಿನಾರರ ಮಗಳಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು. ಅಲ್ಲಿಯವರೆಗೆ ನೀರು ಕೊಡಬೇಡಿ ಎಂದು ವೈದ್ಯರು ಹೇಳಿದ್ದರು. "ಒಂದು ಗುಟುಕು ಕೊಡಮ್ಮ ಅಂತ ಬೆಳಗ್ಗೆಯಿಂದ ಕೇಳ್ತಾನೇ ಇದ್ಲು. ಹೇಳಿದ ಮಾತು ಮೀರೋಳಲ್ಲ ನಾನು. ಇನ್ನು ಸ್ವಲ್ಪ ಹೊತ್ತು ತಡಿ ಕಂದಾ ಅಂದೆ." ಮಗಳು ಆಪರೇಷನ್ ಕೋಣೆಯಿಂದ ಜೀವಂತವಾಗಿ ಬರಲಿಲ್ಲ.

ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದರೆ, ಕೆಂಪು ಚೀಟಿಯ ಗಿಡಗಳು ಎಲೆ ಸುರುಟಿಕೊಂಡು ನಿಂತಿದ್ದವು. ತೂಕದಮ್ಮ ಕೊಡ ತಂದು ಎಲ್ಲಕ್ಕೂ ಹೊಟ್ಟೆತುಂಬ ನೀರು ಹಾಕಿಬಿಟ್ಟರು. ಆಮೇಲೆ ಹೊಸ್ತಿಲ ಮೇಲೆ ಕೂತು, ಮುಖ್ಯ ವಿಜ್ಞಾನಿ ಬಂದಾಗ ತಾವೇ ಹೇಳಿದರು: "ಮೇಡಂ, ಕೈ ತಡೀಲಿಲ್ಲ." ಎರಡು ತಿಂಗಳ ಪ್ರಯೋಗ ಮಣ್ಣುಪಾಲಾಗಿತ್ತು. ಮೇಡಂ ಬೈಯಲಿಲ್ಲ. ಪಕ್ಕದಲ್ಲೇ ಕೂತು, "ಮತ್ತೆ ಬಿತ್ತೋಣ ಬಿಡಿ," ಎಂದರು.

ಅಂದಿನಿಂದ ಒಮ್ಮೆಯೂ ತಪ್ಪಿಲ್ಲ. ಕೆಂಪು ಚೀಟಿಯ ಗಿಡಗಳಿಗೆ ಮತ್ತೆ ನೀರು ಹಾಕುವ ಹತ್ತೊಂಬತ್ತನೇ ದಿನದ ಕೆಲಸವನ್ನು ಮಾತ್ರ ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. "ನಿವೃತ್ತಿಗೆ ಎರಡು ವರ್ಷ ಇದೆ. ಅಲ್ಲೀವರೆಗೂ ಅದೊಂದು ನನಗೇ ಇರಲಿ ಅಂತ ಕೇಳ್ಕೊಂಡಿದೀನಿ, ಇನ್ನೇನೂ ಬೇಡ."

ಇಂದು ಆ ದಿನ. ಯಾವ ಗಿಡ ಚೇತರಿಸಿಕೊಳ್ಳುತ್ತದೋ ಅದರಲ್ಲಿ ವಿಜ್ಞಾನಿಗಳಿಗೆ ಬೇಕಾದದ್ದು ಇರಬಹುದು. ತೂಕದಮ್ಮ ಲೋಟದಲ್ಲಿ ಅಳೆದು, ಬುಡಕ್ಕೆ ನಿಧಾನವಾಗಿ ಸುರಿಯುತ್ತಾ ಬರುತ್ತಾರೆ. ಕೊನೆಯ ಕುಂಡದ ಗಿಡ ಪೂರ್ತಿ ಒಣಗಿ ಹುಲ್ಲಾಗಿದೆ. ಅದರ ಮುಂದೆಯೂ ಬಗ್ಗುತ್ತಾರೆ.

"ಅದು ಏಳಲ್ಲ, ಬಿಡಿ," ಎನ್ನುತ್ತಾರೆ ಮೇಡಂ.

"ಗೊತ್ತು ಮೇಡಂ," ಎಂದು ತೂಕದಮ್ಮ ಲೋಟ ಓರೆ ಮಾಡುತ್ತಾರೆ. "ಆದ್ರೆ ಇದೂ ಕೇಳಿತ್ತಲ್ವಾ."