ಕಪಾಟು ಉಳಿಸಲು ಹೊರಟ ನಾಲ್ವರು

ಮೊನ್ನೆ ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಕಸ ಗುಡಿಸುವುದಕ್ಕೆ ಎಂದಿನ ಎರಡರಷ್ಟು ಹೊತ್ತು ಹಿಡಿಯಿತು.

ಮಿಕ್ಕಿದ್ದೆಲ್ಲ ಎಂದಿನಂತೆಯೇ. ಆರಕ್ಕೆ ನೀರು ಬಂತು. ಬಾಗಿಲ ಹಿಡಿಗೆ ತೂಗುಹಾಕಿದ ಚೀಲಕ್ಕೆ ಹಾಲು ಬಂತು. ಇವರು ಅಡುಗೆಮನೆಯ ಕಿಟಕಿಯಲ್ಲಿ ಕಿವಿಯಿಟ್ಟು ಡೊಂಬಿವಲಿ ಸ್ಟೇಶನ್ನಿನ ಅನೌನ್ಸ್‌ಮೆಂಟ್ ಕೇಳಿಸಿಕೊಂಡು, "ಫಾಸ್ಟ್ ಲೋಕಲ್ ಲೇಟು, ಇನ್ನೊಂದು ಅರ್ಧ ಲೋಟ ಚಹಾ ಕೊಡು" ಎಂದರು. ತುಳಸಿಗೆ ನೀರು, ಕುಕ್ಕರಿಗೆ ಬೇಳೆ. ಆಮೇಲೆ ಪೊರಕೆ ಹಿಡಿದು ಹಾಲ್‌ಗೆ ಬಂದೆ. ಪೊರಕೆ ಆಡಿಸಲು ಜಾಗವೇ ಇಲ್ಲ.

ಸೋಫಾದ ಕೆಳಗೆ ತೆಂಗಿನ ಮರದ ರೋಗಗಳ ಕುರಿತ ಪುಸ್ತಕ. ಟೀವಿಯ ಪಕ್ಕದಲ್ಲಿ ಯಾವುದೋ ಊರಿನ ಸಹಕಾರಿ ಸಂಘದ ಬೆಳ್ಳಿಹಬ್ಬದ ಸಂಚಿಕೆ, ಒಂದೇ ಸಂಚಿಕೆಯ ಮೂರು ಪ್ರತಿ. ಕಿಟಕಿಯ ಕಟ್ಟೆಯ ಮೇಲೆ ಜ್ಯೋತಿಷ್ಯ, ಅದರ ಮೇಲೆ ಹೊಲಿಗೆ ಕಲಿಕೆ, ಅದರ ಮೇಲೆ ಬೆನ್ನು ಕಳೆದುಕೊಂಡ ಒಂದು ಪತ್ತೇದಾರಿ ಕಾದಂಬರಿ. ಇವರ ಒಂದು ಕಾಲುಚೀಲ ಸಿಕ್ಕಿತು. ಇನ್ನೊಂದು ವ್ಯಾಕರಣ ಪುಸ್ತಕದ ಅಡಿಯಲ್ಲಿತ್ತು. ಅದನ್ನು ಹುಡುಕುವಷ್ಟರಲ್ಲಿ ಲೇಟಾಗಿದ್ದ ಫಾಸ್ಟ್ ಕೂಡ ಹೊರಟುಹೋಯಿತು. ತುರ್ಭೆಯ ಆಫೀಸಿಗೆ ಹೊರಡುವಾಗ ಇವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮಗಳು ಮಾತ್ರ ಕಾಲೇಜಿನ ಬ್ಯಾಗನ್ನು ಹೆಗಲಿಗೇರಿಸುತ್ತ ಕೇಳಿದಳು. "ಮಮ್ಮಿ, ಯೇ ಘರ್ ಹೈ ಯಾ ರದ್ದಿ ಕೀ ದುಕಾನ್?" (ಇದು ಮನೆಯೋ ರದ್ದಿ ಅಂಗಡಿಯೋ ಅಂತ. ನಾನು ಕನ್ನಡದಲ್ಲಿ ಬೈಯುತ್ತೇನೆ, ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ನಮ್ಮ ಸಂಸಾರ ಹೀಗೆಯೇ ಸಾಗಿದೆ.)

ಇವು ನಾನು ಕೊಂಡ ಪುಸ್ತಕಗಳಲ್ಲ. ಎರವಲು ತಂದವು. ಎರಡು ದೊಡ್ಡ ಚೀಲಗಳ ತುಂಬ. ತುಳಸಿ ಬಿಟ್ಟರೆ ಬೇರೆ ಗಿಡವಿಲ್ಲದ ಮೂರನೇ ಮಹಡಿಯ ಮನೆಗೆ ಯಾರಾದರೂ ತೆಂಗಿನ ರೋಗದ ಪುಸ್ತಕ ತರುತ್ತಾರೆಯೇ? ತರುತ್ತಾರೆ. ಕಾರಣ ಕೇಳಿ.

ನಮ್ಮದೊಂದು ಪುಟ್ಟ ಓದುಗರ ಗುಂಪು. ನಾಲ್ವರು ಹೆಂಗಸರು. ವಾಟ್ಸಾಪಿನಲ್ಲಿ ದಿನವೂ ಗುಡ್ ಮಾರ್ನಿಂಗ್ ಕಳಿಸಿದರೂ, ತಿಂಗಳಿಗೊಂದು ಶನಿವಾರ ಮುಖತಃ ಸೇರುತ್ತೇವೆ. ಆ ತಿಂಗಳು ಯಾರು ಯಾವ ಪುಸ್ತಕ ಕೊಂಡರು, ಯಾವುದನ್ನು ಎರವಲು ತಂದರು ಎಂದು ತೋರಿಸಬೇಕು, ನಾಲ್ಕು ಮಾತು ಹೇಳಬೇಕು. ಸೇರುವುದು ಇಲ್ಲಿಯ ಕನ್ನಡ ಸಂಘದ ಒಳಕೋಣೆಯಲ್ಲಿ. ಅಲ್ಲೊಂದು ಉದ್ದನೆಯ ಕಬ್ಬಿಣದ ಕಪಾಟು. ಅದೇ ನಮ್ಮ ಲೈಬ್ರರಿ. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದ ಸುಶೀಲಾಬಾಯಿ ಅದನ್ನು ನೋಡಿಕೊಳ್ಳುತ್ತಾರೆ. ಧಾರವಾಡದವರು. ಮಗ, ಸೊಸೆ, ಮೊಮ್ಮಗಳ ಜೊತೆ ಒಂದು ಕೋಣೆ-ಅಡುಗೆಮನೆಯ ಫ್ಲ್ಯಾಟಿನಲ್ಲಿ ಇದ್ದಾರೆ. ಪ್ರತಿ ಶನಿವಾರ ಸಂಜೆ ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು ಬಂದು ಕಪಾಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಯಾರೂ ಬಾರದಿದ್ದರೂ ಕೂರುತ್ತಾರೆ.

ಆ ಕಪಾಟಿಗೇ ಕುತ್ತು ಬಂತು. ಸಂಘದ ಕಾರ್ಯದರ್ಶಿ ಶೆಟ್ಟರು ಒಳ್ಳೆಯವರು, ಕೆಟ್ಟ ಮಾತು ಗೊತ್ತಿಲ್ಲದವರು. ಅವರು ಒಂದು ದಿನ ಕೈ ಹೊಸೆಯುತ್ತ ಬಂದು ಹೇಳಿದರು. "ಎಂತ ಮಾಡುವುದು ಟೀಚರೇ, ಹಬ್ಬದ ಅಡುಗೆ ಪಾತ್ರೆ ಇಡ್ಲಿಕ್ಕೆ ಜಾಗ ಇಲ್ಲ. ಈ ಪುಸ್ತಕ ಯಾರು ತೆಗೀತಾರೆ? ಊರಿನ ಯಾವುದಾದರೂ ಶಾಲೆಗೆ ಕೊಡುವ ಅಂತ ಕಮಿಟಿಯಲ್ಲಿ ಮಾತು. ನಾನು ಹೇಳಿದೆ, ಹಾಗೆ ಅವಸರ ಬೇಡ, ಬರುವ ತಿಂಗಳು ನಾನೇ ಕಪಾಟು ತೆಗೆದು ನೋಡ್ತೇನೆ ಅಂತ. ಪುಸ್ತಕ ಹೊರಗೆ ಹೋಗ್ತಾ ಇದ್ದರೆ ಕಪಾಟು ಅಲ್ಲೇ ಇರಲಿ."

ಶೆಟ್ಟರು ಹೋದ ಮೇಲೆ ಸುಶೀಲಾಬಾಯಿ ಬಹಳ ಹೊತ್ತು ಕನ್ನಡಕ ಒರೆಸಿದರು. "ಮನ್ಯಾಗ ಟೀವಿ ಹಚ್ಚಿರ್ತಾರ, ಮಾತಾಡಿದ್ರ ಅಡ್ಡ ಆಗತದ. ಶನಿವಾರ ಅಂದ್ರ ನನಗ ಇದೊಂದ ಜಾಗಾ ಅದ ನೋಡ್ರಿ" ಎಂದರು.

ಅಷ್ಟು ಸಾಕಾಯಿತು. ನಾವು ಸೆರಗು ಬಿಗಿದೆವು. ಪುಸ್ತಕ ಹೊರಗೆ ಹೋಗಬೇಕು ತಾನೆ? ಹೋಗಲಿ. ಒಬ್ಬರಿಗೆ ಎರಡೇ ಪುಸ್ತಕ ಎಂಬ ತಮ್ಮ ಕಟ್ಟುನಿಟ್ಟಿನ ನಿಯಮವನ್ನು ಸುಶೀಲಾಬಾಯಿ ತಾವೇ ಸಡಿಲಿಸಿದರು. ಕಲ್ಯಾಣದ ಜಲಜಕ್ಕ ಗಂಡನ ಹೋಟೆಲಿನ ಟೆಂಪೋವನ್ನೇ ತಂದರು. ಮೈಸೂರಿನ ಹುಡುಗಿ ರೂಪಾ ಮಹಾಪೆಯ ಕಂಪೆನಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ಐರೋಲಿಯಲ್ಲಿ ಮನೆ. ಅವಳು ಲ್ಯಾಪ್‌ಟಾಪ್ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಪುಸ್ತಕ ತುಂಬಿದಳು. ನನ್ನ ಎರಡು ಚೀಲದ ಕಥೆ ಆಗಲೇ ಹೇಳಿದೆ. ಇಷ್ಟಾದರೂ ಕೊನೆಯ ಖಾನೆಯಲ್ಲಿ ಒಂದಷ್ಟು ಉಳಿದವು.

"ಇರಲಿ ಬಿಡಿ ಟೀಚರ್, ನಾಲ್ಕು ಇದ್ದರೆ ಸಹಜವಾಗಿ ಕಾಣುತ್ತದೆ" ಎಂದೆ.

"ಅದೆಂಥಾ ಮಾತ್ರೀ? ಹತ್ತಕ್ಕ ಹತ್ತು ಬರೋ ಹಂಗಿದ್ದಾಗ ಎಂಟು ಯಾಕ ತಗೋಬೇಕು? ಒಂದೂ ಬಿಡಬ್ಯಾಡ್ರಿ" ಎಂದು ಅವನ್ನು ತಾವೇ ಹೊತ್ತೊಯ್ದರು. ಹೋಗುವ ಮೊದಲು ಖಾನೆಗಳನ್ನೆಲ್ಲ ಒದ್ದೆಬಟ್ಟೆಯಲ್ಲಿ ಒರೆಸಿ, ಹೊಸ ಪೇಪರ್ ಹಾಸಿ, ಅಂಚು ಮಡಿಸಿ ಇಟ್ಟರು. ಟೀಚರ್ ಮನಸ್ಸು. ಇನ್‌ಸ್ಪೆಕ್ಷನ್ ಎಂದರೆ ಕೋಣೆ ಚೊಕ್ಕಟವಾಗಿರಬೇಡವೇ?

ಶೆಟ್ಟರು ಕಪಾಟು ನೋಡಲು ಬರುವ ದಿನವೇ ಮೊನ್ನೆಯ ಶನಿವಾರ. ನಾವು ಅಲ್ಲಿ ನಿಂತರೆ ಸಿಫಾರಸಿಗೆ ಬಂದ ಹಾಗೆ ಕಾಣುತ್ತದೆ ಎಂದು ಜಲಜಕ್ಕ ಹೇಳಿದ್ದರಿಂದ ನಮ್ಮ ಕೂಟ ನನ್ನ ಮನೆಗೆ ಬಂತು. ಜಲಜಕ್ಕ ಹೋಟೆಲಿನಿಂದ ಬಿಸಿ ಬನ್ಸ್ ತಂದರು. ನಾನು ಚಹಾ ಮಾಡಿದೆ. ಎಲ್ಲರ ಕಣ್ಣೂ ಆಗಾಗ ಟೀಪಾಯಿಯ ಮೇಲಿದ್ದ ನನ್ನ ಫೋನಿನ ಕಡೆಗೆ.

ಎಷ್ಟೋ ತಿಂಗಳಿಂದ ಸೇರುತ್ತಿದ್ದೇವೆ. ಅಂದಿನಂಥ ಕೂಟ ಹಿಂದೆಂದೂ ಆಗಿರಲಿಲ್ಲ. ಯಾಕೆಂದರೆ ಮೊದಲ ಸಲ ನಾವ್ಯಾರೂ ನಮ್ಮ ಪುಸ್ತಕವನ್ನು ಆರಿಸಿಕೊಂಡಿರಲಿಲ್ಲ.

ಜಲಜಕ್ಕ ಎಂದೂ ಸಾಮಾಜಿಕ ಕಾದಂಬರಿ ಬಿಟ್ಟು ಬೇರೆ ಮುಟ್ಟಿದವರಲ್ಲ. ಅವರ ಕೈಗೆ ಬಂದದ್ದು ಜೇನು ಸಾಕಣೆ. "ರಾಣಿ ಅಂದ್ರೆ ಸುಮ್ಮನೆ ಕೂತು ತಿನ್ನುವುದು ಅಂತ ನಾನು ತಿಳ್ಕೊಂಡದ್ದು ಮಾರಾಯ್ರೆ. ಎಲ್ಲಿಯದು. ಅದು ಮೊಟ್ಟೆ ಇಟ್ಟು ಇಟ್ಟು ಸುಸ್ತು. ಗಲ್ಲಾದಲ್ಲಿ ಕೂತು ಪೇಪರ್ ಓದುವ ನಮ್ಮವರ ಹಾಗಲ್ಲ. ಅವರಿಗೂ ಓದಿ ಹೇಳಿದೆ. 'ನಾಳೆಯಿಂದ ಪೇಪರ್ ತರಿಸ್ಬೇಡ' ಅಂದ್ರು."

ರೂಪಾಳದು ಹಳೆಯ ನಗೆನಾಟಕಗಳು. "ನಾನು ನಾಟಕ ಓದೋಳೇ ಅಲ್ಲ ಆಂಟಿ. ಕಂಪೆನಿ ಬಸ್ಸಲ್ಲಿ ಸುಮ್ನೆ ತೆಗೆದೆ, ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಸೀಟಿನ ಮರಾಠಿ ಹುಡುಗಿ ಏನು ಅಂತ ಕೇಳಿದ್ಳು, ಹಿಂದೀಲಿ ಹೇಳ್ದೆ. ಈಗ ದಿನಾ ನಂಗೆ ಕಿಟಕಿ ಸೀಟು ಹಿಡಿದಿಡ್ತಾಳೆ, ಮುಂದಿನ ಸೀನ್ ಹೇಳು ಅಂತ."

ನನ್ನ ಪಾಳಿ ಬಂದಾಗ ನಾನೂ ತೆಂಗಿನ ಪುಸ್ತಕ ಎತ್ತಿ ತೋರಿಸಿದೆ. ಕಾನ್ವೆಂಟಿನಲ್ಲಿ ಓದಿದವಳು, ಕನ್ನಡ ನನಗೆ ವಾರಕ್ಕೆ ಕೆಲವೇ ಪೀರಿಯಡ್ಡಿನ ಭಾಷೆಯಾಗಿತ್ತು. ಆದ್ದರಿಂದ ಯಾವ ಪುಸ್ತಕವನ್ನಾದರೂ ಸಾವಕಾಶವಾಗಿಯೇ ಓದುವುದು ನನ್ನ ರೂಢಿ. ಸಾವಕಾಶವಾಗಿ ಓದಿದರೆ ತೆಂಗಿನ ರೋಗವೂ ಕಥೆಯಂತೆ ಹಿಡಿಸುತ್ತದೆ. ಗರಿಯ ಅಡಿಯಲ್ಲಿ ಗೂಡು ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುವ ಕಪ್ಪು ತಲೆಯ ಹುಳು. ಕೆಳಗಿನ ಗರಿಗಳು ಸುಟ್ಟ ಕಾಗದದ ಹಾಗೆ ಕಾಣುತ್ತವಂತೆ. ಈಗ ಲೋಕಲ್ ದಿವಾ ಸ್ಟೇಶನ್ ದಾಟುವಾಗ ಕಿಟಕಿಯಿಂದ ತೆಂಗಿನ ಮರ ಕಂಡರೆ ಮೊದಲು ಅದರ ಕೆಳಗಿನ ಗರಿ ನೋಡುತ್ತೇನೆ. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದೇನೆ. ಅಲ್ಲಿ ಮರಗಳಿದ್ದವು ಎಂಬುದೇ ತಿಳಿದಿರಲಿಲ್ಲ.

ಯೋಚಿಸಿ. ನಾವು ವಾಟ್ಸಾಪಿನಲ್ಲಿ ಹಾಕುವ ಪುಸ್ತಕದ ಫೋಟೋಗಳು ಎಂಥವು? ಪಕ್ಕದಲ್ಲಿ ಕಾಫಿ ಕಪ್ಪು, ಒಂದು ದಾಸವಾಳ, ಎಲ್ಲರೂ ಹೊಗಳಿದ ಒಂದು ಕಾದಂಬರಿ. ತೆಂಗಿನ ರೋಗದ ಪಕ್ಕ ಯಾರು ದಾಸವಾಳ ಇಟ್ಟಾರು? ಓದಿದ್ದನ್ನು ತೋರಿಸುತ್ತೇವೋ, ಓದುವವರ ಹಾಗೆ ಕಾಣಿಸಿಕೊಳ್ಳುತ್ತೇವೋ?

ಇರಲಿ. ಸುಶೀಲಾಬಾಯಿಯವರ ಪಾಳಿ ಬಂತು. ಅವರು ಚೀಲದಿಂದ ತೆಳ್ಳನೆಯ ಒಂದು ಪುಸ್ತಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಶೆಟ್ಟರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ.

"ನಮಸ್ಕಾರ ಮೇಡಂ. ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳುವುದು ಅಂತ ಗೊತ್ತಾಗುದಿಲ್ಲ."

ಜಲಜಕ್ಕ ನನ್ನ ಮೊಣಕೈ ಹಿಂಡಿದರು. ಗೆದ್ದೆವು ಎಂಬಂತೆ ರೂಪಾ ಹೆಬ್ಬೆರಳು ಎತ್ತಿದಳು.

"ಟೀಚರ್ ಹತ್ರ ಕಪಾಟು ಖಾಲಿ ಮಾಡಿ ಅಂತ ಯಾವ ಬಾಯಲ್ಲಿ ಹೇಳುವುದು ಅಂತ ನನಗೆ ಭಾರೀ ಸಂಕಟ ಇತ್ತು. ಇಲ್ಲಿ ಬಂದು ತೆಗೆದು ನೋಡಿದರೆ, ನೀವೇ ಎಲ್ಲ ಖಾಲಿ ಮಾಡಿ ಕೊಟ್ಟಿದ್ದೀರಿ. ಒಂದು ಪುಸ್ತಕ ಇಲ್ಲ. ಒರೆಸಿ, ಪಾತ್ರೆ ಇಡ್ಲಿಕ್ಕೆ ಪೇಪರ್ ಸಹ ಹಾಸಿದ್ದೀರಿ. ಇಂಥ ಹೆಂಗಸರು ಯಾವ ಸಂಘದಲ್ಲಿ ಸಿಗ್ತಾರೆ ಹೇಳಿ. ಈಗಷ್ಟೇ ಪಾತ್ರೆ ಎಲ್ಲ ಇಟ್ಟು ಆಯಿತು. ಮೇಲಿನ ಖಾನೆಯಲ್ಲಿ ಸೌಟು."

"ಹಾಗಲ್ಲ ಸರ್, ನಾವು..."

"ಇರಲಿ ಇರಲಿ. ಹಬ್ಬದ ದಿನ ಸ್ಟೇಜಿನಲ್ಲಿ ನಿಮ್ಮೆಲ್ಲರಿಗೂ ಒಂದೊಂದು ಶಾಲು ಉಂಟು." ಫೋನ್ ಇಟ್ಟೇ ಬಿಟ್ಟರು.

ಮೊದಲು ನಕ್ಕವರು ಜಲಜಕ್ಕ. ಆಮೇಲೆ ರೂಪಾ. ನನಗೂ ತಡೆಯಲಾಗಲಿಲ್ಲ. ಕಪಾಟು ಉಳಿಸಲೆಂದು ಕಪಾಟನ್ನೇ ಬರಿದು ಮಾಡಿ, ಹಾಸಿ, ಒಪ್ಪಿಸಿ ಬಂದ ಬುದ್ಧಿವಂತರು ನಾವಲ್ಲದೆ ಇನ್ನಾರು?

ಸುಶೀಲಾಬಾಯಿ ನಗಲಿಲ್ಲ. ಮಡಿಲ ಪುಸ್ತಕದ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು.

"ಒಂದೂ ಬಿಡಬ್ಯಾಡ್ರಿ ಅಂದಾಕಿ ನಾನ" ಎಂದರು. ಆಮೇಲೆ ಮೆಲ್ಲಗೆ, ನಮ್ಮನ್ನಲ್ಲ ಎಂಬಂತೆ ಕೇಳಿದರು. "ಹಂಗಾರ ಮುಂದಿನ ಶನಿವಾರ ನಾ ಎಲ್ಲಿ ಹೋಗ್ಲಿ?"

ನಮ್ಮ ನಗು ಅಲ್ಲಿಗೇ ನಿಂತಿತು. ಇಸ್ತ್ರಿಯ ಸೀರೆಯ ನೆರಿಗೆ ಕಾಲ ಬುಡದಲ್ಲಿ ನೆಟ್ಟಗೆ ನಿಂತಿತ್ತು. ಅಂದೂ ಅವರು ಶನಿವಾರದ ಸೀರೆಯನ್ನೇ ಉಟ್ಟು ಬಂದಿದ್ದರು.

"ಫೋನ್ ಮಾಡಿ ನಿಜ ಹೇಳಲೇ ಟೀಚರ್? ಶೆಟ್ಟರು ಒಳ್ಳೆಯವರು, ಸೌಟು ತೆಗೆಸುತ್ತಾರೆ" ಎಂದೆ.

ಅವರು ಸ್ವಲ್ಪ ಯೋಚಿಸಿದರು. "ತಗಸ್ತಾರ. ನಾ ಪುಸ್ತಕ ಇಡ್ತೀನಿ. ಆಮ್ಯಾಲ? ನೀವು ಮತ್ತ ಒಂದೊಂದ ಕಾದಂಬರಿ ಒಯ್ತೀರಿ. ಆ ತೆಂಗಿನ ಪುಸ್ತಕ ನಾ ಅಲ್ಲಿ ಕೂಡಲಿಕ್ಕೆ ಹತ್ತಿದಾಗಿಂದ ಯಾರೂ ಮುಟ್ಟಿದ್ದಿಲ್ಲ. ಇವತ್ತ ಅದರ ಬಗ್ಗೆ ಇಷ್ಟು ಹೊತ್ತು ಕೇಳಿದೆ."

ರೂಪಾ ಕುರ್ಚಿ ಬಿಟ್ಟು ನೆಲಕ್ಕೆ ಬಂದು ಅವರ ಹತ್ತಿರ ಕೂತಳು. "ಟೀಚರ್, ಪುಸ್ತಕ ನಮ್ಮ ನಮ್ಮ ಮನೇಲೇ ಇರ್ಲಿ. ನೀವು ಬನ್ನಿ. ಒಂದ್ ಶನಿವಾರ ನಮ್ಮನೆ, ಒಂದ್ ಶನಿವಾರ ಜಲಜಾ ಆಂಟಿ ಮನೆ. ಒಂದ್ ಮನೇದು ತೊಗೊಂಡು ಇನ್ನೊಂದ್ ಮನೆಗೆ ಕೊಡಿ. ಯಾರಿಗೆ ಯಾವ್ದು ಅಂತ ನೀವೇ ಡಿಸೈಡ್ ಮಾಡಿ, ನಮ್ಮನ್ನ ಕೇಳ್ಲೇ ಬೇಡಿ."

"ಐರೋಲಿಗೆ? ಥಾಣಾದಾಗ ಗಾಡಿ ಬದಲಿ ಮಾಡಬೇಕಲ್ಲ?"

"ನಾನೇ ಥಾಣೆ ಸ್ಟೇಶನ್ನಿಗೆ ಬಂದು ಕರ್ಕೊಂಡು ಹೋಗ್ತೀನಿ."

"ಬೇಡ ಬೇಡ" ಎಂದರು ಜಲಜಕ್ಕ. "ಟೀಚರಿಗೆ ದಾರಿ ಒಮ್ಮೆ ತೋರಿಸಿದ್ರೆ ಸಾಕು. ಮತ್ತೆ ಅವರೇ ನಮ್ಮನ್ನು ಕರ್ಕೊಂಡು ಹೋಗ್ತಾರೆ. ಕಲ್ಯಾಣಕ್ಕೆ ಬಂದ ದಿನ ಊಟ ನಮ್ಮಲ್ಲಿ."

"ಊಟಕ್ಕ ಬರಾಕಿ ಅಲ್ಲ ನಾ" ಎಂದರು ಸುಶೀಲಾಬಾಯಿ. ದನಿಯಲ್ಲಿ ಟೀಚರ್ ವಾಪಸ್ ಬಂದಿದ್ದರು. "ಪುಸ್ತಕ ನೋಡ್ಲಿಕ್ಕೆ ಬರತೀನಿ. ಯಾವದರ ಮ್ಯಾಲರೆ ಚಹಾದ ಗುರ್ತು ಕಂಡ್ರ ಅವತ್ತ ಎಲ್ಲಾ ಎತಗೊಂಡ ಹೋಗ್ತೀನಿ." ಆಗ ಮೂವರೂ ಒಟ್ಟಿಗೆ ಕಪ್ಪುಗಳನ್ನು ಪುಸ್ತಕಗಳಿಂದ ದೂರ ಸರಿಸಿದೆವು.

"ನನ್ನ ಪಾಳಿ ಇನ್ನೂ ಆಗಿಲ್ಲ" ಎಂದು ಅವರು ಮಡಿಲ ಪುಸ್ತಕ ತೆರೆದರು. ಮಕ್ಕಳ ಪದ್ಯಗಳು. ಕೊನೆಯ ಖಾನೆಯಲ್ಲಿ ಉಳಿದದ್ದು ಅದು. "ಮೊಮ್ಮಗಳು ನನ್ನ ಕೂಡ ಮರಾಠಿ ಒಳಗ ಮಾತಾಡ್ತಾಳ. ನಿನ್ನೆ ಇದನ್ನ ಸುಮ್ಮ ನನಗ ನಾ ಓದ್ಕೋತ ಕೂತಿದ್ದೆ. ಬಂದು ಬಾಜೂಕ ಕೂತಳು. ಮುಗದ ಮ್ಯಾಲ 'ಪುನ್ಹಾ ವಾಚ್' ಅಂದಳು. ಇನ್ನೊಮ್ಮೆ ಓದು ಅಂತ. ಟೀವಿ ಹಚ್ಚಿತ್ರೀ, ಅದನ್ನ ಬಿಟ್ಟು ಬಂದಿದ್ದಳು."

ಎಲ್ಲರೂ ಹೊರಟಾಗ ದೀಪ ಹಚ್ಚುವ ಹೊತ್ತು. ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದೆ. ಎದುರು ಮನೆಯ ಮರಾಠಿ ಹೆಂಗಸು ಜೋಶಿ ಕಾಕು ಬಾಗಿಲಲ್ಲಿ ನಿಂತಿದ್ದರು. ಶನಿವಾರವೂ ಆಫೀಸಿರುವ ಅವರ ಮಗಳು ಆಗಷ್ಟೇ ಬಂದಿದ್ದಳು. ಅವಳ ಊಟದ ಡಬ್ಬಿಯ ಮುಚ್ಚಳವನ್ನು ಕಾಕು ಅಲ್ಲೇ ತಿರುಗಿಸಿ ತೆಗೆಯುತ್ತಿದ್ದರು. ಇಷ್ಟೊಂದು ಚಪ್ಪಲಿ ಯಾರವು, ಏನು ವಿಶೇಷ ಎಂದು ಕೇಳಿದರು. ನನ್ನ ಹರಕು ಮರಾಠಿಯಲ್ಲಿ ಪೂರ್ತಿ ಕಥೆ ಹೇಳಿದೆ. ಸೌಟಿನವರೆಗೂ. ಕೊನೆಗೆ, ಏನೇ ಆದರೂ ಆ ಕಪಾಟು ಖಾಲಿಯಾದದ್ದು ನೆನೆದರೆ ಬೇಜಾರಾಗುತ್ತದೆ ಎಂದೆ.

ಕಾಕು ಡಬ್ಬಿಯೊಳಗೆ ಇಣುಕಿ ನೋಡಿ, ಒಳಗೆ ಹೋಗುತ್ತ, ಹಿಂದೆ ತಿರುಗದೆಯೇ ಮರಾಠಿಯಲ್ಲಿ ಅಂದರು:

"ಡಬ್ಬಿ ಖಾಲಿಯಾಗಿ ಬಂದರೆ ನಾನಂತೂ ಖುಷಿಪಡ್ತೀನಪ್ಪ, ನಿಮಗ್ಯಾಕೆ ಬೇಜಾರು?"