ಬಾಡಿಗೆ ಮನೆ ಮುಂದಿನ ಹೊಂಗೆ

ಅದು 1983ರ ಮಳೆಗಾಲ. ನನ್ನ ಗಂಡ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಆಪರೇಟರ್ ಆಗಿದ್ದರು. ಬಾಗಲಗುಂಟೆಯಲ್ಲಿ ಹನುಮಕ್ಕ ಎಂಬುವರ ಸಾಲುಮನೆಗಳಲ್ಲಿ ಒಂದರಲ್ಲಿ ನಾವು ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲು ತೆಗೆದರೆ ಮಣ್ಣಿನ ರಸ್ತೆ. ನೆರಳು ಅಂತ ಇದ್ದದ್ದು ಲೈಟ್ ಕಂಬದ್ದು ಮಾತ್ರ. ನಾನಾಗ ಎಂಟು ತಿಂಗಳ ಬಸುರಿ.

ಆಗ ಸರ್ಕಾರದವರು ರಸ್ತೆ ಬದಿಯಲ್ಲಿ ನೆಡುವುದಕ್ಕೆ ಪುಕ್ಕಟೆ ಗಿಡ ಕೊಡುತ್ತಿದ್ದರು. ಕೇಳಿದವರ ಮನೆ ಮುಂದೆ ಅವರೇ ಗುಂಡಿ ತೋಡಿ, ದನ ಬಾಯಿ ಹಾಕದಂತೆ ಟಾರು ಡ್ರಮ್ಮಿನ ತಗಡನ್ನೂ ಸುತ್ತ ನಿಲ್ಲಿಸಿ ಹೋಗುತ್ತಿದ್ದರು. ನೀರು ಹಾಕುವುದಷ್ಟೇ ಮನೆಯವರ ಕೆಲಸ. ಗಿಡದ ಲಾರಿ ನಮ್ಮ ಬೀದಿಗೆ ಬಂದಾಗ ನಾನು ಹಿಂದೆಮುಂದೆ ನೋಡದೆ ನಮಗೂ ಒಂದು ಕೊಡಿ ಅಂದೆ. ಹೊಂಗೆ ಗಿಡ ಸಿಕ್ಕಿತು. ಗುಂಡಿ ತೋಡಿ ಮುಗಿಯುವ ಹೊತ್ತಿಗೆ ಹನುಮಕ್ಕ ಎಮ್ಮೆ ಹೊಡೆದುಕೊಂಡು ಬಂದರು.

ಯಾರನ್ನು ಕೇಳಿ ಗಿಡ ನೆಡುತ್ತಿದ್ದೀಯ ಅಂತ ಶುರು ಮಾಡಿದರು. ಬಾಯಿ ನನಗೂ ಕಮ್ಮಿ ಇರಲಿಲ್ಲ. ರಸ್ತೆ ಸರ್ಕಾರದ್ದು, ಗಿಡವೂ ಸರ್ಕಾರದ್ದು, ನಿಮ್ಮ ಗಂಟೇನು ಹೋಯಿತು ಅಂದುಬಿಟ್ಟೆ. ಅವರ ಮುಖ ಕೆಂಪಾಯಿತು.

"ಇವತ್ ಗಿಡ ನಂದು ಅಂತೀಯ, ನಾಳೆ ಮನೇನೂ ನಂದು ಅಂತೀಯ. ಇಂತವ್ನೆಲ್ಲ ನಾನ್ ಕಂಡಿವ್ನಿ ಕಣಮ್ಮಣ್ಣಿ. ಈ ತಿಂಗ್ಳು ಮುಗೀತಿದ್ದಂಗೆ ಮನೆ ಖಾಲಿ ಮಾಡು."

ಲಾರಿಯವರು ನೀವು ನೀವೇ ಮಾತಾಡಿಕೊಳ್ಳಿ ಅಂತ ಗಿಡ, ತಗಡು ಅಲ್ಲೇ ಇಟ್ಟು ಹೊರಟುಹೋದರು. ನಾನು ಹಟಕ್ಕೆ ಬಿದ್ದು ಗಿಡವನ್ನು ಒಳಗೆ ತಂದು ಬಚ್ಚಲ ಮೂಲೆಯಲ್ಲಿಟ್ಟೆ. ಗುಂಡಿ ಹಾಗೇ ಬಾಯಿ ತೆರೆದುಕೊಂಡು ಬಿದ್ದಿತ್ತು.

ಒಂದು ಗಿಡಕ್ಕೆ ಇಷ್ಟು ರಂಪ ಯಾಕೆ ಎಂದು ಪಕ್ಕದ ಮನೆಯ ಜಯಮ್ಮ ಆಮೇಲೆ ಹೇಳಿದರು. ಹನುಮಕ್ಕನಿಗೆ ತವರಿನಿಂದ ಬಂದಿದ್ದ ಒಂದು ಹೊಲವನ್ನು ಗೇಣಿಗೆ ಕೊಟ್ಟಿದ್ದರಂತೆ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಗೇಣಿದಾರ, ತಾನು ಬದುವಿನಲ್ಲಿ ನೆಟ್ಟು ಬೆಳೆಸಿದ ಮರಗಳನ್ನೇ ಸಾಕ್ಷಿ ತೋರಿಸಿ ಹೊಲ ತನ್ನ ಹೆಸರಿಗೆ ಮಾಡಿಸಿಕೊಂಡನಂತೆ. ಅವೂ ಹೊಂಗೆ ಮರಗಳೇ. ಅಂದಿನಿಂದ ಬೇರೆಯವರು ಗಿಡ ನೆಟ್ಟರೆ ಈಯಮ್ಮನಿಗೆ ಎದೆ ಡವಡವ. ಕೇಳಿ ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು. ಆದರೆ ಮೊದಲು ಹೋಗಿ ಮಾತಾಡಿಸಲು ನನ್ನ ಜಂಬ ಬಿಡಲಿಲ್ಲ.

ಗಂಡ ಕೆಲಸ ಮುಗಿಸಿ ಬಂದು ಮನೆ ಹುಡುಕಲು ಹೋಗುತ್ತಿದ್ದರು. ಹೆಂಡತಿ ತುಂಬಿದ ಬಸುರಿ ಎಂದು ಗೊತ್ತಾದ ಕೂಡಲೇ ಎಲ್ಲರೂ, ಹೆರಿಗೆ ಆದಮೇಲೆ ಬನ್ನಿ ನೋಡೋಣ ಅನ್ನುವವರೇ. ನನಗೆ ತಾಯಿ ಇರಲಿಲ್ಲ. ತಿಪಟೂರಿನ ಅಕ್ಕ ಹೆರಿಗೆ ಹೊತ್ತಿಗೆ ಬರುತ್ತೇನೆ ಅಂದಿದ್ದಳು. ಎಳೆಗೂಸು ಎತ್ತಿಕೊಂಡು ಎಲ್ಲಿಗೆ ಹೋಗುವುದು ಎಂದು ಒಬ್ಬಳೇ ಕೂತು ಅಳುತ್ತಿದ್ದೆ.

ಅಕ್ಕ ಬರುವ ಮೊದಲೇ ನೋವು ಬಂತು. ಬೆಳಗ್ಗೆ ಗಂಡ ಫಸ್ಟ್ ಶಿಫ್ಟಿಗೆ ಹೋಗಿದ್ದರು. ಕೊಡದಲ್ಲಿ ನೀರು ತರುತ್ತಿದ್ದವಳು ಬಾಗಿಲಲ್ಲೇ ಕುಸಿದೆ. ಜಯಮ್ಮ ಆಟೋ ತರಲು ಮೇನ್ ರೋಡಿಗೆ ಓಡಿದರು. ಹನುಮಕ್ಕ ಕರೆಯದೆಯೇ ಬಂದು ನನ್ನನ್ನು ಒಳಗೆ ಮಲಗಿಸಿದರು. ಅಷ್ಟು ದಿನ ಮುಖ ತಿರುಗಿಸಿಕೊಂಡು ಓಡಾಡಿದವರು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು, "ಎದ್ರುಬ್ಯಾಡ, ನಾನಿವ್ನಿ, ಉಸ್ರು ಕಟ್ಟಿ ಮುಕ್ಕು" ಅನ್ನುತ್ತಿದ್ದರು. ಆಟೋ ಬರುವಷ್ಟರಲ್ಲಿ ಮಗಳು ಹುಟ್ಟಿದ್ದಳು. ಸಣ್ಣ ಕೂಸು, ಗಂಟಲು ಮಾತ್ರ ಸಣ್ಣದಲ್ಲ.

ಮಗುವಿನ ಹಿಂದೆ ಬಿದ್ದ ಮಾಸನ್ನು ಹನುಮಕ್ಕ ಒಂದು ಹಳೇ ಮಡಕೆಯಲ್ಲಿ ಎತ್ತಿಕೊಂಡು ಹೊರಗೆ ಹೋದರು. ನಮ್ಮ ಕಡೆ ಅದನ್ನು ಮನೆಯ ಹಿತ್ತಿಲಲ್ಲೇ ಹೂಳುತ್ತಾರೆ. ಬಾಡಿಗೆಯವರಿಗೆ ಹಿತ್ತಿಲು ಎಲ್ಲಿಂದ ಬರಬೇಕು? ತಿಪ್ಪೆಗೆ ಹಾಕುತ್ತಾರೇನೋ ಎಂದು ಸಂಕಟವಾಯಿತು. ಆದರೆ ಬಾಗಿಲ ಮುಂದೆಯೇ ಗುದ್ದಲಿಯ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಣ್ಣಾದ ಕೈಯಲ್ಲಿ ಒಳಗೆ ಬಂದು, ಬಚ್ಚಲ ಮೂಲೆಯಿಂದ ಗಿಡ ಎತ್ತಿಕೊಂಡರು. ಎಲ್ಲಿಗಕ್ಕಾ ಅಂದೆ. ಆ ಸ್ಥಿತಿಯಲ್ಲೂ ನನಗೆ ಗಿಡದ ಚಿಂತೆ.

"ಮಾಸ್ನ ಆ ಗುಂಡೀಲೇ ಊತಿವ್ನಿ. ಬರೀ ಮಣ್ಣಾದ್ರೆ ನಾಯಿ ಕೆದುಕ್ತವೆ. ಅದ್ರ ಮ್ಯಾಲೆ ಗಿಡ ಮಡಗ್ತೀನಿ."

"ಮನೆ ಖಾಲಿ ಮಾಡು ಅಂದಿದ್ರಲ್ಲ ಅಕ್ಕ?"

ಅವರು ಗಿಡವನ್ನು ಕಂಕುಳಿಗೆ ಏರಿಸಿಕೊಂಡರು. ಆಮೇಲೆ ಮಗುವಿನ ಕಡೆ ನೋಡಿ ಹೇಳಿದರು: "ಇವ್ಳ ಮಾಸು ಇಲ್ಲೇ ಬಿತ್ತಲ್ಲ, ಇನ್ ಇವ್ಳಿಗೆ ಇದೇ ಊರು. ಊರೋಳ್ನ ಓಗು ಅಂತ ಎಂಗಂದೇನು?"

ನನಗೆ ಅಳು ತಡೆಯಲಾಗಲಿಲ್ಲ. ಹಕ್ಕು ಹೋದೀತೆಂದು ಹೆದರಿದ್ದ ಹೆಂಗಸು, ನಾನು ಬಾಯಿಬಿಟ್ಟು ಕೇಳದಿದ್ದ ಹಕ್ಕನ್ನು ತಾನಾಗಿಯೇ ಕೊಟ್ಟಿದ್ದರು. ಮಗಳು ಶಾಲೆಗೆ ಸೇರುವವರೆಗೂ ನಾವು ಅಲ್ಲೇ ಇದ್ದೆವು. ಗಿಡಕ್ಕೆ ನೀರು ಹಾಕಲು ನನಗೆ ಅವಕಾಶವೇ ಸಿಗುತ್ತಿರಲಿಲ್ಲ, ಹನುಮಕ್ಕನೇ ಹಾಕಿಬಿಡುತ್ತಿದ್ದರು. ಆಮೇಲೆ ದಾಸರಹಳ್ಳಿ ಕಡೆ ಸ್ವಂತ ಮನೆ ಕಟ್ಟಿಕೊಂಡು ಹೋದೆವು.

ಮಗಳ ಮದುವೆಗೆ ಮನೆ ಮುಂದೆ ಚಪ್ಪರ ಹಾಕುತ್ತಿದ್ದ ದಿನ ಒಂದು ಆಟೋ ಬಂದು ನಿಂತಿತು. ಹನುಮಕ್ಕ ಮಗನ ಕೈ ಹಿಡಿದುಕೊಂಡು ಇಳಿದರು. ಸೊಂಟ ಬಗ್ಗಿತ್ತು. ಸೀಟಿನ ತುಂಬ ಚಪ್ಪರಕ್ಕೆ ಹೊದಿಸಲು ಹಸಿ ಹೊಂಗೆ ಸೊಪ್ಪು. ಇಷ್ಟು ದೂರದಿಂದ ಇದನ್ನು ಹೊತ್ತು ತರಬೇಕಿತ್ತಾ, ಇಲ್ಲೇ ಸಿಗುತ್ತಿತ್ತಲ್ಲ ಅಕ್ಕ ಅಂದೆ.

"ಸಿಕ್ಕೋದು ಬ್ಯಾರೆ ಮರದ್ದು ಕಣಮ್ಮಣ್ಣಿ," ಅಂದರು. "ಇದು ಅವ್ಳದ್ದು."